ನಗುವ ಮಗು, ಅಳುವ ಮಗು: ಕಂಚಿನಲ್ಲಿ ಎರಡಕ್ಕೂ ಏನು ವ್ಯತ್ಯಾಸ?

ಮಂಗಳೂರಿನ ಯಾರದಾದರೂ ಮನೆಯ ಶೋಕೇಸಿನಲ್ಲಿ ನಗುವ ಮಗು, ಅಳುವ ಮಗು ಅಂತ ಕಂಚಿನ ಜೋಡಿ ಬೊಂಬೆ ಇದ್ದರೆ ಒಂದು ಕೆಲಸ ಮಾಡಿ. ಅಂಗೈಯಿಂದ ಹಣೆ, ಹುಬ್ಬು, ಕಣ್ಣು ಮುಚ್ಚಿ ಬರೀ ಬಾಯಿ ನೋಡಿ. ಎರಡೂ ಬಾಯಿ ಅಗಲಿಸಿಕೊಂಡಿದ್ದರೆ ಯಾವುದು ನಗು, ಯಾವುದು ಅಳು ಅಂತ ಒಂದು ಕ್ಷಣ ಗೊಂದಲ ಆಗಬಹುದು. ವಿಪರೀತ ನಕ್ಕು ಕಣ್ಣೀರು ಬಂದ ಮುಖಕ್ಕೂ ಜೋರಾಗಿ ಅತ್ತ ಮುಖಕ್ಕೂ ವ್ಯತ್ಯಾಸ ಹೇಳುವುದು ಕಷ್ಟ ಅಂತ ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಬರೆದಿದ್ದರು.

ನಗುವಾಗ ಕೆನ್ನೆಯ ಸ್ನಾಯು ತುಟಿಯ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯುತ್ತದೆ. ಅಳುವಾಗ ತುಟಿಯ ತುದಿ ಕೆಳಕ್ಕೆ ಜಗ್ಗುತ್ತದೆ, ಬಾಯಿ ಚೌಕವಾಗುತ್ತದೆ, ಹುಬ್ಬುಗಳು ಹತ್ತಿರ ಬಂದು ನಡುವೆ ಗೆರೆ ಬೀಳುತ್ತದೆ. ಕಣ್ಣಿನ ಸುತ್ತಲ ಸ್ನಾಯು ಮಾತ್ರ ಎರಡರಲ್ಲೂ ಬಿಗಿಯಾಗುತ್ತದೆ!

ಆದರೆ ಕಂಚಿಗೆ ಕೆಂಪೇರುವ ಕೆನ್ನೆ ಇಲ್ಲ, ಒದ್ದೆ ಕಣ್ಣಿಲ್ಲ. ಇರುವುದು ಉಬ್ಬು, ತಗ್ಗು, ಅವುಗಳ ನೆರಳು ಅಷ್ಟೇ. ಹಾಗಾಗಿ ಶಿಲ್ಪಿ ಮೊದಲು ಮೇಣದಲ್ಲಿ ಈ ಮಡಿಕೆಗಳನ್ನು ತಿದ್ದುತ್ತಾನೆ, ಆಮೇಲೆ ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಜಾಗಕ್ಕೆ ಕಂಚು ಎರೆಯುತ್ತಾನೆ. ಕಂಚಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 90 ಪಾಲು ತಾಮ್ರ, ಉಳಿದದ್ದು ತವರ. ಬರೀ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತವರ ಸೇರಿದರೆ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗಿ, ಸಣ್ಣ ಸಣ್ಣ ಸಂದಿಗೂ ಸಲೀಸಾಗಿ ಹರಿಯುತ್ತದೆ. ಹುಬ್ಬಿನ ನಡುವಿನ ಆ ಗೆರೆ ಉಳಿಯುವುದು ಇದರಿಂದಲೇ.

ನಮ್ಮ ಕದ್ರಿ ದೇವಸ್ಥಾನದ ಲೋಕೇಶ್ವರನನ್ನು ನೋಡಿದ್ದೀರಿ ಅಲ್ವಾ? 968ರ ಕಂಚಿನ ವಿಗ್ರಹ ಅದು. ಆ ಶಾಂತ ಮುಖಕ್ಕೆ ನುಣುಪು ಬೇಕು, ಅಳುವ ಮಗುವಿಗೆ ಸುಕ್ಕು ಬೇಕು. ಎರಡೂ ಕಷ್ಟದ ಕೆಲಸವೇ, ನನಗೆ ಮಾತ್ರ ಅಳು ಜಾಸ್ತಿ ಕಷ್ಟ ಅನಿಸುತ್ತದೆ, ಯಾಕೆಂದರೆ ಒಂದು ಮಡಿಕೆ ಅತಿಯಾದರೂ ಮಗು ಮುದುಕನ ಹಾಗೆ ಕಾಣುತ್ತದೆ.

ಇಂಥ ಬೊಂಬೆಗೆ ಬೆಳಕು ಮೇಲಿನಿಂದಲೇ ಬೀಳಲಿ. ಕೆಳಗಿನಿಂದ ಲೈಟ್ ಹಾಕಿದರೆ ನೆರಳು ತಿರುಗಿ ಮುಖದ ಭಾವವೇ ಕೆಡುತ್ತದೆ. ಇನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ದೇವರ ಪಾತ್ರೆಗೆ ಅದು ಸರಿ. ಇಲ್ಲಿ ತಗ್ಗಿನಲ್ಲಿ ಕೂತ ಕಪ್ಪು ಬಣ್ಣವೇ ಭಾವವನ್ನು ಎತ್ತಿ ತೋರಿಸುವುದು, ಹುಳಿ ತಾಗಿದರೆ ಅದು ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ನಮ್ಮ ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ ಎರಡೂ ಸೇರಿದರೆ ಕಿಲುಬು ಬೇಗ ಹಿಡಿಯುತ್ತದೆ, ಆದ್ದರಿಂದ ಮಳೆ ಶುರುವಾಗುವ ಮೊದಲೇ ತೆಳ್ಳಗೆ ಮೇಣ ಸವರಿಡಿ. ತಿಳಿಹಸಿರು ಪುಡಿ ಉದುರತೊಡಗಿದರೆ ಸುಮ್ನೆ ಕೆರೆಯಬೇಡಿ, ಲೋಹದ ವಸ್ತುಗಳನ್ನು ಕಾಪಾಡುವ ಕೆಲಸ ಗೊತ್ತಿದ್ದವರಿಗೆ ತೋರಿಸಿ.