ಪ್ರೆಸೆಂಟೇಷನ್ ಮುಗಿದ ಮೇಲಿನ ರಿಫ್ಲೆಕ್ಷನ್: ‘ಹೇಗಿತ್ತು’ ಬೇರೆ, ‘ಯಾಕೆ ಹಾಗಾಯ್ತು’ ಬೇರೆ

ಪ್ರೊಫೆಷನಲ್ ಕಮ್ಯುನಿಕೇಷನ್ ಪೇಪರಿನಲ್ಲಿ ನಮಗೆ ಎಂಟು ನಿಮಿಷದ ಪ್ರೆಸೆಂಟೇಷನ್ ಇತ್ತು. ಅದಾದ ವಾರದೊಳಗೆ ಅದರ ಬಗ್ಗೆಯೇ ಎರಡು ಪುಟದ ರಿಫ್ಲೆಕ್ಷನ್, ಅಂದರೆ ಮಾಡಿದ್ದನ್ನು ತಿರುಗಿ ನೋಡುವ ಬರಹ, ಬರೆದುಕೊಡಬೇಕು. ಮಾತಿಗೆ 15 ಅಂಕ, ಬರಹಕ್ಕೆ 10. ಮಾತಿಗೆ ನನಗೆ 11 ಬಂತು, ಬರಹದ ಮೊದಲ ಕರಡಿಗೆ 4. ಮೇಡಂ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: “ನಾಲ್ಕನೇ ಹಂತ ಎಲ್ಲಿದೆ?” ನಾನು ‘ವಿಶ್ಲೇಷಣೆ’ ಅಂತ ತಲೆಬರಹ ಹಾಕಿಯೇ ಅರ್ಧ ಪುಟ ಬರೆದಿದ್ದೆ. ಆದರೂ ಅದು ಅವರಿಗೆ ಯಾಕೆ ಕಾಣಲಿಲ್ಲ ಅನ್ನೋದು ತಿಳಿಯಲು ನಾಲ್ಕು ದಿನ ಹಿಡಿಯಿತು. ತಿದ್ದಿ ಕೊಟ್ಟಾಗ 8 ಬಂತು. ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದಿನ ಸೆಮಿಸ್ಟರಿನವರಿಗೂ ಇದೇ ಅಸೈನ್‌ಮೆಂಟ್ ಇರುತ್ತದೆ.

ಆರು ಹಂತ, ಆರು ಪ್ರಶ್ನೆ

ರಿಫ್ಲೆಕ್ಷನ್ ಬರೆಯೋದಕ್ಕೆ ನಮಗೆ ಕೊಟ್ಟಿದ್ದು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಮುಂದಿಟ್ಟ ಆರು ಹಂತಗಳ ಚಕ್ರ. ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಕ್ರಿಯಾಯೋಜನೆ. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಪ್ರಶ್ನೆಗಳನ್ನಾಗಿ ಇಟ್ಟುಕೊಳ್ಳಿ: ಏನಾಯ್ತು? ಏನನ್ನಿಸಿತು? ಹೇಗಿತ್ತು? ಯಾಕೆ ಹಾಗಾಯ್ತು? ಬೇರೆ ಏನು ಮಾಡಬಹುದಿತ್ತು? ಮುಂದಿನ ಸಲ ಏನು ಮಾಡ್ತೀನಿ? ಪರೀಕ್ಷೆಗೂ ಇಷ್ಟು ಸಾಕು.

ಮೊದಲ ಎರಡು ಹಂತ ಸುಲಭ. ನನ್ನ ವಿವರಣೆ ಮೂರೇ ಸಾಲು: ವಿಷಯ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ, ಕೇಳುಗರು ಬೇರೆ ಬೇರೆ ಬ್ರಾಂಚಿನ ಸುಮಾರು ನಲವತ್ತು ಮಂದಿ, ಎಂಟು ನಿಮಿಷಕ್ಕೆ ಸಿದ್ಧ ಮಾಡಿಕೊಂಡಿದ್ದ ಮಾತು 5 ನಿಮಿಷ 40 ಸೆಕೆಂಡಿಗೆ ಮುಗಿಯಿತು. ವಿವರಣೆಯಲ್ಲೇ ಒಂದು ಪುಟ ತುಂಬಿಸಿದರೆ ಅಂಕ ಬರೋದಿಲ್ಲ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರಿಗೆ ಅಂಕ ಹೋಗಿದ್ದು ಅಲ್ಲೇ.

ಎಲ್ಲರೂ ಎಡವುವ ಜಾಗ: ಮೂರಕ್ಕೂ ನಾಲ್ಕಕ್ಕೂ ನಡುವೆ

ನನ್ನ ಮೊದಲ ಕರಡಿನ ‘ವಿಶ್ಲೇಷಣೆ’ಯ ಸಾಲುಗಳು ಹೀಗಿದ್ದವು: “ನಾನು ತುಂಬಾ ವೇಗವಾಗಿ ಮಾತಾಡಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ‘ಬೇಸಿಕಲಿ’ ಅನ್ನೋ ಪದ ಅತಿಯಾಯಿತು. ಇದಕ್ಕೆಲ್ಲ ಕಾರಣ ನನ್ನ ಭಯ.”

ಓದಿದಾಗ ವಿಶ್ಲೇಷಣೆ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಮೊದಲ ಮೂರು ವಾಕ್ಯ ಕೂಡ ‘ಹೇಗಿತ್ತು’ ಅನ್ನುವ ಪ್ರಶ್ನೆಗೇ ಉತ್ತರ. ವೇಗವಾಗಿತ್ತು, ಕಣ್ಣು ಸೇರಲಿಲ್ಲ, ಪದ ಅತಿಯಾಯಿತು. ಎಲ್ಲವೂ ತೀರ್ಪು, ಅಂದರೆ ಮೂರನೇ ಹಂತ. ನಾಲ್ಕನೇ ವಾಕ್ಯದಲ್ಲಿ ‘ಕಾರಣ’ ಅನ್ನೋ ಪದ ಇದೆ ನಿಜ. ಆದರೆ ಭಯ ಎರಡನೇ ಹಂತದ ಸಾಮಾನು, ಭಾವನೆ. ಅದನ್ನು ಎತ್ತಿ ನಾಲ್ಕನೇ ಹಂತದಲ್ಲಿ ಇಟ್ಟಿದ್ದೆ ಅಷ್ಟೇ.

ಇದನ್ನು ಪರೀಕ್ಷಿಸಲು ಈಗ ನಾನು ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಬರೆದ ಕಾರಣ ಎಲ್ಲ ಕಡೆಗೂ ಹೊಂದುತ್ತದೆಯೋ, ಆ ಒಂದು ಕ್ಷಣಕ್ಕೆ ಮಾತ್ರ ಹೊಂದುತ್ತದೆಯೋ? ಭಯ ಇಡೀ ಮಾತಿಗೆ ಹೊಂದುತ್ತದೆ, ನನ್ನ ಪಕ್ಕದವನಿಗೂ ಹೊಂದುತ್ತದೆ, ಯಾವ ತಪ್ಪಿಗೂ ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಕಾರಣದಿಂದ ಯಾವುದೂ ಸ್ಪಷ್ಟವಾಗುವುದಿಲ್ಲ. ಜ್ವರ ಬಂದವನಿಗೆ “ಮೈ ಸರಿಯಿಲ್ಲ” ಅಂದ ಹಾಗೆ. ಮೈ ಸರಿಯಿಲ್ಲದ್ದು ಅವನಿಗೂ ಗೊತ್ತು.

‘ಬೇಸಿಕಲಿ’ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗೆಳತಿ ಮಾಡಿದ್ದ ವಿಡಿಯೋ ಹಾಕಿಕೊಂಡು ಎಣಿಸಿದೆ: ಒಟ್ಟು 23 ಸಲ. ಇಲ್ಲಿಗೆ ನಿಲ್ಲಿಸಿದರೆ ಅದೂ ಮೌಲ್ಯಮಾಪನವೇ. ಅಂಕಿ ಇದ್ದ ಮಾತ್ರಕ್ಕೆ ವಿಶ್ಲೇಷಣೆ ಆಗೋದಿಲ್ಲ (ಈ ತಪ್ಪನ್ನೂ ಮಾಡಿದೆ. ಎರಡನೇ ದಿನದ ಕರಡಿನ ತುಂಬ ಬರೀ ಅಂಕಿಗಳಿದ್ದವು). ಆಮೇಲೆ ಪ್ರತಿ ‘ಬೇಸಿಕಲಿ’ ಎದುರು ಸಮಯ ಬರೆದುಕೊಂಡೆ. 0:52, 0:55, 1:41, 1:43, ಹೀಗೆ. ಪಟ್ಟಿ ನೋಡಿದ ತಕ್ಷಣ ಗೊತ್ತಾಯ್ತು. ಅವು ಗುಂಪು ಗುಂಪಾಗಿದ್ದವು. 23ರಲ್ಲಿ 16 ಬಂದದ್ದು ಸ್ಲೈಡ್ ಬದಲಾದ ಐದಾರು ಸೆಕೆಂಡಿನೊಳಗೆ. ಸ್ಲೈಡಿನ ನಡುವೆ, ಜನರೇಟರ್ ಬಗ್ಗೆ ವಿವರಿಸುವಾಗ, ಒಂದೂ ಇಲ್ಲ.

ಭಯವೇ ಕಾರಣ ಆಗಿದ್ದರೆ ಅದು ಎಲ್ಲ ಕಡೆ ಹರಡಿರಬೇಕಿತ್ತು. ಸ್ಲೈಡ್ ಬದಲಾಗುವಲ್ಲೇ ಯಾಕೆ? ಯಾಕೆಂದರೆ ಪ್ರತಿ ಸ್ಲೈಡಿನೊಳಗೆ ಏನು ಹೇಳಬೇಕು ಅಂತ ಅಭ್ಯಾಸ ಮಾಡಿದ್ದೆ. ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟಬೇಕು ಅಂತ ಮಾಡಿರಲಿಲ್ಲ. ಬಟನ್ ಒತ್ತುತ್ತಿದ್ದೆ, ಹೊಸ ಸ್ಲೈಡ್ ಬರುತ್ತಿತ್ತು, ನಾನೂ ಕೇಳುಗರ ಜೊತೆಗೇ ಅದನ್ನು ಓದುತ್ತಿದ್ದೆ. ಓದಿ ಮುಗಿಯೋವರೆಗೆ ಬಾಯಿ ಖಾಲಿ ಇರಬಾರದು ಅಂತ ‘ಸೋ ಬೇಸಿಕಲಿ’ ಬರುತ್ತಿತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷ್ ವಾಕ್ಯ ನನಗೆ ಮೊದಲೇ ಕಟ್ಟಿಟ್ಟುಕೊಂಡಿದ್ದರೆ ಚೆನ್ನಾಗಿ ಬರುತ್ತದೆ, ನಿಂತಲ್ಲೇ ಕಟ್ಟಬೇಕಾದರೆ ನಿಧಾನ. ಕಟ್ಟಿಟ್ಟುಕೊಳ್ಳದೇ ಇದ್ದ ಜಾಗ ಇದೊಂದೇ.

ನಾಲ್ಕನೇ ಹಂತ ಅಂದರೆ ಇದು. ಇದನ್ನು ಬರೆದ ಮೇಲೆ ಐದು ಮತ್ತು ಆರನೇ ಹಂತಗಳು ತಾವಾಗಿಯೇ ಬಂದವು. ‘ಭಯ’ ಅಂತ ಬರೆದಾಗ ಕ್ರಿಯಾಯೋಜನೆಯಲ್ಲಿ “ಆತ್ಮವಿಶ್ವಾಸ ಬೆಳೆಸಿಕೊಳ್ಳುತ್ತೇನೆ” ಅನ್ನೋದನ್ನು ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ನಿಮ್ಮ ಆರನೇ ಹಂತದಲ್ಲೂ ಆ ಸಾಲು ಇದ್ದರೆ ಹಿಂದಕ್ಕೆ ಹೋಗಿ ನಾಲ್ಕನೇ ಹಂತ ನೋಡಿ. ತೊಂದರೆ ಇರೋದು ಅಲ್ಲಿ.

ವಿಡಿಯೋ ನೋಡುವ ಕ್ರಮ

ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ವಿಡಿಯೋ ಇಲ್ಲದೆ ರಿಫ್ಲೆಕ್ಷನ್ ಬರೆಯಬೇಡಿ, ನೆನಪು ಮೋಸ ಮಾಡುತ್ತದೆ. ಮೂರು ಸಲ ನೋಡಿ, ಮೂರು ಬಗೆಯಲ್ಲಿ.

ಮೊದಲ ಸಲ ಧ್ವನಿ ಪೂರ್ತಿ ಬಂದ್ ಮಾಡಿ, ಕೈ, ಕಾಲು, ಕಣ್ಣು ಮಾತ್ರ ನೋಡಿ. ಎಡಗಡೆ ಕೂತವರ ಕಡೆ ನಾನು ಒಮ್ಮೆಯೂ ತಿರುಗಿರಲಿಲ್ಲ, ಲ್ಯಾಪ್‌ಟಾಪ್ ಬಲಗಡೆ ಇತ್ತು. ಎರಡನೇ ಸಲ ಫೋನ್ ಮಗುಚಿಟ್ಟು ಧ್ವನಿ ಮಾತ್ರ ಕೇಳಿ. ವೇಗ, ವಾಕ್ಯದ ಕೊನೆಯಲ್ಲಿ ಇಳಿದುಹೋಗುವ ದನಿ, ‘ಬೇಸಿಕಲಿ’ಯಂಥ ತುಂಬುಪದಗಳು ಆಗ ಎದ್ದು ಕೇಳಿಸುತ್ತವೆ. ಮೂರನೇ ಸಲ ಎರಡೂ ಸೇರಿಸಿ, ಕೈಯಲ್ಲಿ ಪೆನ್ನು ಹಿಡಿದು, ಸಮಯ ಬರೆಯುತ್ತಾ ನೋಡಿ. ಸಮಯ ಬರೆಯೋದೇ ಮುಖ್ಯ, ನಾಲ್ಕನೇ ಹಂತಕ್ಕೆ ಬೇಕಾದ ಸಾಕ್ಷಿ ಅಲ್ಲಿಂದಲೇ ಸಿಗುತ್ತದೆ. ಮೊದಲ ನೋಟದಲ್ಲಿ ನಮ್ಮ ಮುಖ, ನಮ್ಮ ದನಿ ನೋಡೋಕೇ ಕಷ್ಟ ಆಗುತ್ತದೆ. ಅದಕ್ಕೂ ಧ್ವನಿ ಬಂದ್ ಮಾಡಿ ಶುರು ಮಾಡೋದು ಒಳ್ಳೆಯದು.

147 ಕಿಲೋಮೀಟರ್ ಮತ್ತು ನಾನು ಹಾರಿಸಿದ ಹೆಜ್ಜೆ

ಪ್ರಶ್ನೋತ್ತರದಲ್ಲಿ ಆದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿತು. ಶಿವನಸಮುದ್ರದ ಕೇಂದ್ರ ಶುರುವಾಗಿದ್ದು 1902ರಲ್ಲಿ. ಅಲ್ಲಿ ಹುಟ್ಟಿದ ಕರೆಂಟನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಆ ಕಾಲಕ್ಕೆ ಅದು ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಇದನ್ನೆಲ್ಲ ಹೇಳಿ, ಅಷ್ಟು ದೂರ ಹೇಗೆ ಒಯ್ದರು ಅನ್ನೋದಕ್ಕೆ ಸ್ಲೈಡಿನಲ್ಲಿ ಒಂದೇ ಸಾಲು ಹಾಕಿದ್ದೆ: “ವೋಲ್ಟೇಜ್ ಹೆಚ್ಚು, ನಷ್ಟ ಕಡಿಮೆ.”

ಸಿವಿಲ್ ಬ್ರಾಂಚಿನ ಒಬ್ಬ ಎದ್ದು ಕೇಳಿದ: “ವೋಲ್ಟೇಜ್ ಹೆಚ್ಚಾದರೆ ನಷ್ಟವೂ ಹೆಚ್ಚಾಗಬೇಕಲ್ವಾ? ಪಿಯುಸಿಯಲ್ಲಿ ವಿ ಸ್ಕ್ವೇರ್ ಬೈ ಆರ್ ಅಂತ ಓದಿದ್ದೆವು.” (ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವ ಸೂತ್ರ ಅದು.) ನಾನು ನಿಂತುಬಿಟ್ಟೆ. ಕೊನೆಗೆ “ಅದು ಫಾರ್ಮುಲಾ, ಹಾಗೇ ಬರುತ್ತೆ” ಅಂದುಬಿಟ್ಟೆ. ಆ ಪ್ರಶ್ನೆಗೆ ಅದು ಸಲ್ಲುವ ಉತ್ತರ ಅಲ್ಲ.

ಹಾಸ್ಟೆಲಿಗೆ ಬಂದು ಕೂತು ಬಿಡಿಸಿದೆ. ಕಳಿಸಬೇಕಾದ ಪವರ್ ಇಷ್ಟು ಅಂತ ನಿಗದಿಯಾಗಿದೆ. ಪವರ್ ಅಂದರೆ ವೋಲ್ಟೇಜ್ ಗುಣಿಸು ಕರೆಂಟ್. ವೋಲ್ಟೇಜ್ ಎರಡರಷ್ಟು ಮಾಡಿದರೆ ಅದೇ ಪವರಿಗೆ ಅರ್ಧ ಕರೆಂಟ್ ಸಾಕು. ತಂತಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ನಷ್ಟ ನಾಲ್ಕನೇ ಒಂದು ಭಾಗ. ವೋಲ್ಟೇಜ್ ಹತ್ತರಷ್ಟಾದರೆ ನಷ್ಟ ನೂರನೇ ಒಂದು ಭಾಗ. ಅವನು ಹೇಳಿದ ವಿ ಸ್ಕ್ವೇರ್ ಬೈ ಆರ್ ಸೂತ್ರ ತಪ್ಪಲ್ಲ. ಆದರೆ ಅಲ್ಲಿನ ‘ವಿ’ ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಬಿದ್ದುಹೋಗುವ ವೋಲ್ಟೇಜ್, ಲೈನಿನ ವೋಲ್ಟೇಜ್ ಅಲ್ಲ. ಎರಡು ‘ವಿ’ಗಳು ಬೇರೆ. ಇದು ನನಗೂ ಆ ರಾತ್ರಿವರೆಗೆ ಬಿಡಿಸಿ ಗೊತ್ತಿರಲಿಲ್ಲ. ಮಾರನೆಯ ದಿನ ಕ್ಯಾಂಟೀನಿನಲ್ಲಿ ಅವನನ್ನು ಹುಡುಕಿ ಹೇಳಿದೆ.

ವಿಶ್ಲೇಷಣೆಗೆ ಇದರಿಂದ ಸಿಕ್ಕಿದ್ದು ಏನು? ‘ಪ್ರಶ್ನೋತ್ತರ ಚೆನ್ನಾಗಿ ಆಗಲಿಲ್ಲ’ ಅನ್ನೋದು ಮೂರನೇ ಹಂತ. ‘ನನಗೆ ಸ್ವಯಂಸಿದ್ಧ ಅನ್ನಿಸಿದ ಹೆಜ್ಜೆಯನ್ನು ಹಾರಿಸಿದೆ. ಆ ಹೆಜ್ಜೆ ನನಗೇ ಪೂರ್ತಿ ಗೊತ್ತಿಲ್ಲ ಅನ್ನೋದನ್ನು ಹಾರಿಸಿದ್ದೇ ಮುಚ್ಚಿಟ್ಟಿತು’ ಅನ್ನೋದು ನಾಲ್ಕನೇ ಹಂತ.

ಇದಕ್ಕೆ ಬೆಂಬಲವಾಗಿ ಒಂದು ಪ್ರಯೋಗವನ್ನು ಬರಹದಲ್ಲಿ ಸೇರಿಸಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್.ಡಿ.ಗಾಗಿ ಮಾಡಿದ್ದು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ತಟ್ಟಿದವರು ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂದುಕೊಂಡಿದ್ದರು. ತಟ್ಟಿದ 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಮೂರನ್ನು ಮಾತ್ರ. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಕೇಳಿಸುತ್ತಿರುತ್ತದೆ, ಎದುರಿನವರಿಗೆ ಬರೀ ಟಕ್ ಟಕ್. ನನ್ನ ಸ್ಲೈಡಿನ ಆ ಸಾಲು ನಲವತ್ತು ಜನರಿಗೆ ಟಕ್ ಟಕ್ ಆಗಿತ್ತು.

ಭಯದ ಬಗ್ಗೆ, ಚಿಕ್ಕದಾಗಿ

ಭಯ ಇರಲೇ ಇಲ್ಲ ಅಂತ ಹೇಳುತ್ತಿಲ್ಲ. ಕೈ ನಡುಗುತ್ತಿತ್ತು. ಆದರೆ ವಿಡಿಯೋದಲ್ಲಿ ಆ ನಡುಕ ಕಾಣಲೇ ಇಲ್ಲ! ಮೂರು ಸಲ ನೋಡಿದರೂ ಸಿಗಲಿಲ್ಲ. ಒಳಗೆ ಆಗುತ್ತಿರೋದು ಹೊರಗಿನವರಿಗೆ ಇದ್ದುದಕ್ಕಿಂತ ಹೆಚ್ಚು ಕಾಣುತ್ತಿದೆ ಅಂತ ಅನ್ನಿಸುವುದಕ್ಕೆ ಮನಃಶಾಸ್ತ್ರದಲ್ಲಿ ‘ಪಾರದರ್ಶಕತೆಯ ಭ್ರಮೆ’ ಅನ್ನಬಹುದಾದ ಹೆಸರಿದೆ. ಸವಿಟ್ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಭ್ರಮೆಯ ಬಗ್ಗೆ ಮೊದಲೇ ತಿಳಿಸಿ ಹೇಳಿದ್ದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಅವರಿಗೂ ಹಾಗೆ ಅನ್ನಿಸಿತು, ನೋಡಿದವರಿಗೂ ಅನ್ನಿಸಿತು. ‘ಭಾವನೆ’ ಹಂತದಲ್ಲಿ ನಿಮಗೆ ಅನ್ನಿಸಿದ್ದನ್ನು ಪ್ರಾಮಾಣಿಕವಾಗಿ ಬರೆಯಿರಿ, ಅದರ ಪಕ್ಕದಲ್ಲೇ ವಿಡಿಯೋದಲ್ಲಿ ಕಂಡದ್ದನ್ನೂ ಬರೆಯಿರಿ. ಎರಡರ ನಡುವಿನ ಅಂತರವೇ ಒಳ್ಳೆಯ ವಿಷಯ. ನನ್ನ ಎರಡನೇ ಕರಡಿನಲ್ಲಿ ಮೇಡಂ ಟಿಕ್ ಹಾಕಿದ ಮೊದಲ ಜಾಗ ಅದು.

ಬಳಸಬಾರದ ಅಂಕಿ

ಕ್ಲಾಸಿನಲ್ಲಿ ಐದಾರು ಮಂದಿ ಬರೆದಿದ್ದರು: “ಸಂವಹನದಲ್ಲಿ ಪದಗಳ ಪಾಲು 7 ಶೇಕಡಾ, ದನಿ 38, ದೇಹಭಾಷೆ 55.” ಇದು ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಆದರೆ ಅಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ಅಳೆದದ್ದು ಹೇಳುವವರ ಭಾವನೆ, ಇಷ್ಟಾನಿಷ್ಟ ಎಷ್ಟು ತಿಳಿಯುತ್ತದೆ ಅನ್ನೋದನ್ನು. ಭಾವನೆ, ಧೋರಣೆಗಳ ಮಾತು ಬಿಟ್ಟು ಬೇರೆಡೆಗೆ ಈ ಅಂಕಿಗಳು ಸಲ್ಲುವುದಿಲ್ಲ ಅಂತ ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ವೋಲ್ಟೇಜ್ ಬಗ್ಗೆ ನನ್ನ ಸ್ಲೈಡಿನಲ್ಲಿ ಇಲ್ಲದೇ ಹೋದ ಎರಡು ವಾಕ್ಯಗಳನ್ನು ಯಾವ ಕೈಸನ್ನೆಯೂ ತುಂಬಿಕೊಡುತ್ತಿರಲಿಲ್ಲ.

ಕ್ರಿಯಾಯೋಜನೆ

ಇದು ಚಿಕ್ಕದಿರಲಿ. ನಾನು ಮೂರೇ ಸಾಲು ಬರೆದೆ, ಪ್ರತಿಯೊಂದಕ್ಕೂ ಯಾವಾಗ ಮಾಡ್ತೀನಿ, ಆಯಿತೋ ಇಲ್ಲವೋ ಹೇಗೆ ತಿಳಿಯುತ್ತದೆ ಅನ್ನೋದನ್ನು ಸೇರಿಸಿ. ಒಂದು, ಬೇರೆ ಬ್ರಾಂಚಿನ ಒಬ್ಬರಿಗೆ ಮೂರು ದಿನ ಮೊದಲೇ ಮಾತಾಡಿ ತೋರಿಸಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಕೈ ಎತ್ತಲು ಹೇಳುವುದು. ಎರಡು, ಲ್ಯಾಪ್‌ಟಾಪನ್ನು ಮಧ್ಯಕ್ಕೆ ಇಟ್ಟುಕೊಳ್ಳುವುದು. ಮೂರು, ಬಟನ್ ಒತ್ತುವ ಮುಂಚೆ ಹೇಳಬೇಕಾದ ಸಾಲನ್ನು ಪ್ರತಿ ಸ್ಲೈಡಿಗೂ ಬರೆದಿಡುವುದು, ಆಮೇಲೆ ವಿಡಿಯೋದಲ್ಲಿ ಸ್ಲೈಡ್ ಬದಲಾಗುವ ಜಾಗದ ತುಂಬುಪದಗಳನ್ನು ಮತ್ತೆ ಎಣಿಸುವುದು. 16ರಿಂದ ಐದಕ್ಕೆ ಇಳಿದರೆ ನನಗೆ ಸಾಕು.

ಈ ಸಾಲುಗಳನ್ನು ನಾನು ಮೊದಲು ಕನ್ನಡದಲ್ಲೇ ಬರೆಯುತ್ತೇನೆ. ಎರಡು ಸ್ಲೈಡುಗಳ ನಡುವೆ ಸಂಬಂಧ ಏನು ಅನ್ನೋದು ನನಗೆ ಕನ್ನಡದಲ್ಲಿ ಬೇಗ ಸಿಗುತ್ತದೆ, ಇಂಗ್ಲಿಷ್ ಆಮೇಲೆ. ಹಳೆಯ ಪಿಪಿಟಿ ತೆಗೆದು ಮೊದಲ ಅಭ್ಯಾಸ ಅದರ ಮೇಲೇ ಮಾಡಿದೆ. ಮೂರನೇ ಸ್ಲೈಡಿನಿಂದ ನಾಲ್ಕನೆಯದಕ್ಕೆ, ಅಂದರೆ 1:41ಕ್ಕೆ ನಾನು ತಡವರಿಸಿದ್ದ ಜಾಗಕ್ಕೆ, ಈಗ ನೋಟ್‌ಬುಕ್ಕಿನಲ್ಲಿರುವ ಸಾಲು ಇದು: “ಕರೆಂಟ್ ಹುಟ್ಟಿದ್ದು ನೋಡಿದ್ವಿ. ಗಣಿ ಇರೋದು 147 ಕಿಲೋಮೀಟರ್ ಆಚೆ. ದಾರಿಯಲ್ಲಿ ಸೋರಿಹೋಗದ ಹಾಗೆ ಇದನ್ನು ಅಲ್ಲಿಗೆ ಮುಟ್ಟಿಸೋದು ಹೇಗೆ?”