ಗರ್ಭಗುಡಿ ಬಿಟ್ಟು ಬಾಗಿಲಿಗೆ ಬಂದ ಗೋಪುರ

ಬೇಲೂರಿನ ಚೆನ್ನಕೇಶವ ಗುಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಾಗಿಲ ಮೇಲಿನ ಗೋಪುರ. ಅದನ್ನು ದಾಟಿ ಒಳಗೆ ಕಾಲಿಟ್ಟರೆ ಗುಡಿಯ ಮೇಲೆ ಶಿಖರವೇ ಇಲ್ಲ, ಚಪ್ಪಟೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯ ಮೇಲಿದ್ದ ಶಿಖರ ಹೋಗಿದೆ. ಬಾಗಿಲ ಗೋಪುರ ವಿಜಯನಗರದ ಕಾಲದ್ದು, ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಕಟ್ಟಿಸಿದ್ದು. ಯಜಮಾನನ ಪೇಟ ಕಳೆದುಹೋಗಿ ಕಾವಲುಗಾರನ ಪೇಟ ಉಳಿದ ಹಾಗಾಗಿದೆ!

ಮೊದಲೆಲ್ಲ ದೇವರು ಎಲ್ಲೋ ಎತ್ತರವೂ ಅಲ್ಲೇ. ಶಿಖರ ಅಂದರೆ ಬೆಟ್ಟದ ತುದಿ ಅಲ್ವಾ? ಗರ್ಭಗುಡಿ ಆ ಬೆಟ್ಟದೊಳಗಿನ ಗವಿ. ರಾಜರಾಜ ಚೋಳ 1010ರ ಹೊತ್ತಿಗೆ ತಂಜಾವೂರಿನಲ್ಲಿ ಲಿಂಗದ ನೆತ್ತಿಯ ಮೇಲೇ ಸುಮಾರು 60 ಮೀಟರ್ ಎತ್ತರದ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಶಿಖರ, ಎಬ್ಬಿಸಿದ. ಅದರ ಮುಂದೆ ಬಾಗಿಲ ಗೋಪುರಗಳು ಕುಳ್ಳು.

ಆಮೇಲೆ ಲೆಕ್ಕ ತಿರುಗಿತು. ಹಳೇ ಗರ್ಭಗುಡಿ ಎಷ್ಟೇ ಚಿಕ್ಕದಿರಲಿ, ಪ್ರತಿಷ್ಠೆಯಾದ ದೇವರನ್ನು ಕದಲಿಸುವ ಧೈರ್ಯ ಯಾರಿಗಿದೆ? ಹಾಗಾಗಿ ಹೆಸರು ಉಳಿಸಿಕೊಳ್ಳಬೇಕೆಂದ ರಾಜರು ಗುಡಿಯ ಸುತ್ತ ಪ್ರಾಕಾರ, ಅಂದರೆ ಸುತ್ತುಗೋಡೆ, ಕಟ್ಟಿಸಿದರು, ಅದರ ಬಾಗಿಲಿಗೆ ಗೋಪುರ ಇಟ್ಟರು. ಶ್ರೀರಂಗದಲ್ಲಿ ಏಳು ಪ್ರಾಕಾರಗಳಿವೆ. ಹೊರಗೆ ಹೋದಷ್ಟೂ ಗೋಪುರ ದೊಡ್ಡದು. ಕನ್ನಡದಲ್ಲಿ ಇಂಥದಕ್ಕೆ ರಾಯಗೋಪುರ ಅನ್ನುತ್ತಾರೆ. ಹೆಸರು ದೇವರದಲ್ಲ, ರಾಯರದು. ಮೇಲುಕೋಟೆಯಲ್ಲಿ ಅರ್ಧಕ್ಕೇ ನಿಂತ ರಾಯಗೋಪುರದ ಕಂಬಗಳು ಇವತ್ತಿಗೂ ಬಯಲಲ್ಲಿ ನಿಂತಿವೆ.

ಇಂಥ ಗೋಪುರಗಳ ಬುಡ ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ಒಳಗೆ ಟೊಳ್ಳು. ಪೂರ್ತಿ ಕಲ್ಲಿನಲ್ಲೇ ಕಟ್ಟಿದ್ದರೆ ಭಾರ ಹೊರುವುದೇ ಕಷ್ಟವಾಗುತ್ತಿತ್ತು. ಹಂಪಿಯ ವಿರೂಪಾಕ್ಷ ಗುಡಿಯ ಪೂರ್ವ ಗೋಪುರ ಸುಮಾರು 50 ಮೀಟರ್. ಅದನ್ನು ಹೊರಗೆ ನಿಂತು ನೋಡುವುದು ಇದ್ದೇ ಇದೆ. ಗುಡಿಯ ಹಿಂಭಾಗದ ಕತ್ತಲೆ ಕೋಣೆಗೂ ಹೋಗಿ. ಸಣ್ಣ ಕಿಂಡಿಯಿಂದ ಬೆಳಕು ತೂರಿ, ಎದುರಿನ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುತ್ತದೆ. ಕಳಶ ಕೆಳಗೆ, ಬುಡ ಮೇಲೆ.

ಊರಾಚೆಯಿಂದಲೇ ಗೋಪುರಕ್ಕೆ ಕೈಮುಗಿದರೂ ದರ್ಶನವಾದಂತೆ ಎಂಬ ನಂಬಿಕೆ ಇದೆ. ಒಳಗೆ ಬಿಡದೇ ಇದ್ದ ಜಾತಿಗಳವರಿಗೆ ಶತಮಾನಗಟ್ಟಲೆ ಸಿಕ್ಕಿದ್ದು ಅಷ್ಟೇ ದರ್ಶನ. ನಂಬಿಕೆಯ ಈ ಮಗ್ಗುಲನ್ನು ನಾವು ಸುಮ್ನೆ ದಾಟಿಬಿಡುತ್ತೇವೆ.

ಮುರುಡೇಶ್ವರದಲ್ಲಿ 2008ರಲ್ಲಿ ಮುಗಿದ ಗೋಪುರಕ್ಕೆ 20 ಅಂತಸ್ತು, ಒಳಗೆ ಲಿಫ್ಟ್. ಟಿಕೆಟ್ ತಗೊಂಡು ಮೇಲೆ ಹೋದವರು ಕಿಟಕಿಗೆ ಮೊಬೈಲ್ ಹಿಡಿದು ಶಿವನ ದೊಡ್ಡ ಮೂರ್ತಿಯನ್ನೂ ಸಮುದ್ರವನ್ನೂ ಮೇಲಿಂದ ನೋಡುತ್ತಾರೆ.