ಫಾರ್ಮುಲಾ ಕಾಪಿ ಮಾಡುವ ಮುನ್ನ ಕಾಲಂ ನೋಡಿ

ಹುಬ್ಬಳ್ಳಿಯಲ್ಲಿ ಟ್ರೇಡರ್‌ಗಳಿಗೆ ಚಾರ್ಟ್ ಸಾಫ್ಟ್‌ವೇರ್ ಹೊಂದಿಸಿಕೊಡುವುದು ನನ್ನ ಕೆಲಸ. ಜಾಸ್ತಿ ಬರುವ ದೂರು ಒಂದೇ: "ಸರ, ಫಾರ್ಮುಲಾ ಹಂಗ ಕಾಪಿ ಮಾಡೇನ್ರಿ. ಒಂದ ಚಾರ್ಟ್‌ನ್ಯಾಗ ಬರೋಬ್ಬರಿ ಐತಿ, ಇನ್ನೊಂದರಾಗ ಸಿಗ್ನಲ್ಲ ಬರವಲ್ದು."

ಫಾರ್ಮುಲಾ ಸರಿಯಾಗೇ ಇರುತ್ತದೆ. ಅದು ನೋಡುತ್ತಿರುವ ಕಾಲಂನಲ್ಲಿ ಬೇರೇನೋ ಕೂತಿರುತ್ತದೆ.

ಸಿಯೆರಾ ಚಾರ್ಟ್ ಅನ್ನುವ ಸಾಫ್ಟ್‌ವೇರ್‌ನ ಸ್ಪ್ರೆಡ್‌ಶೀಟ್ ಸ್ಟಡಿಯನ್ನೇ ತಗೊಳ್ಳಿ, ಅಂದರೆ ಚಾರ್ಟ್‌ನ ಅಂಕಿಗಳನ್ನು ಶೀಟ್‌ಗೆ ತರುವ ಸೌಲಭ್ಯ. ಹೊಸ ಬಾರ್ (ಒಂದು ಅವಧಿಯ ಬೆಲೆಗಳು) 3ನೇ ಸಾಲಿನಲ್ಲಿ, ಹಳೆಯವು ಅದರ ಕೆಳಗೆ. ಕೊನೆಯ ಬೆಲೆ 'ಇ' ಕಾಲಂನಲ್ಲಿ. ಬೆಲೆಯಿಂದ ಲೆಕ್ಕ ಹಾಕುವ ಇಂಡಿಕೇಟರ್‌ಗಳು 'ಎಎ' ಕಾಲಂನಿಂದ ಶುರು. ಮೊದಲನೆಯದು ಮೂವಿಂಗ್ ಆವರೇಜ್, ಅಂದರೆ ಇತ್ತೀಚಿನ ಬಾರ್‌ಗಳ ಸರಾಸರಿ, ಆಗಿದ್ದರೆ 'ಎಎ'ದಲ್ಲಿ ಅದೇ. ಬೆಲೆ ಆ ಸರಾಸರಿಯನ್ನು ಮೇಲಕ್ಕೆ ದಾಟಿತಾ ಅಂತ ತಿಳಿಯಲು ಇ3 > ಎಎ3, ಇ4 <= ಎಎ4, ಎರಡೂ ನಿಜವಾಗಬೇಕು. ಈಗ ಇನ್ನೊಂದು ಚಾರ್ಟ್‌ನಲ್ಲಿ ಮೂವಿಂಗ್ ಆವರೇಜ್‌ಗಿಂತ ಮೊದಲು ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲ ಅಳೆಯುವ ಇಂಡಿಕೇಟರ್) ಇದೆ ಅನ್ನಿ. 'ಎಎ'ದಲ್ಲಿ ಅದೇ ಕೂರುತ್ತದೆ. ಆರ್‌ಎಸ್‌ಐ 100 ದಾಟುವುದೇ ಇಲ್ಲ. 1,400 ರೂಪಾಯಿಯ ಷೇರು ಯಾವಾಗಲೂ ಅದರ ಮೇಲೇ, ಅಲ್ವಾ? ದಾಟುವ ಪ್ರಶ್ನೆಯೇ ಬರಲ್ಲ. ಎರರ್ ಕೂಡ ತೋರಿಸಲ್ಲ, ಅದೇ ತಲೆನೋವು.

ಹಾಗಾಗಿ ಇಂಡಿಕೇಟರ್‌ಗಳನ್ನು ಒಂದು ಚಾರ್ಟ್‌ನಲ್ಲಿ ಜೋಡಿಸಿ, ಸ್ಟಡಿ ಕಲೆಕ್ಷನ್ ಆಗಿ ಸೇವ್ ಮಾಡಿ. ಉಳಿದ ಚಾರ್ಟ್‌ಗಳಿಗೆ ಅದನ್ನೇ ಹಾಕಿ. ಫಾರ್ಮುಲಾ ಕಾಪಿ ಮಾಡುವುದು ಆಮೇಲೆ.

ಇನ್ನು ಫಾರ್ಮುಲಾ ಒಳಗೆ ನೇರವಾಗಿ ಬರೆದ ಅಂಕಿಗಳು. ಟಿಕ್, ಅಂದರೆ ಬೆಲೆ ಬದಲಾಗುವ ಕನಿಷ್ಠ ಮೊತ್ತ, 5 ಪೈಸೆ ಅಂತ ಈಗಲೂ ಬರೆಯುವವರಿದ್ದಾರೆ. ಷೇರುಪೇಟೆ ಎನ್‌ಎಸ್‌ಇಯಲ್ಲಿ 250 ರೂಪಾಯಿಗಿಂತ ಕಡಿಮೆಯ ಷೇರುಗಳಿಗೆ 2024ರ ಜೂನ್‌ನಲ್ಲೇ ಅದು 1 ಪೈಸೆಗೆ ಇಳಿಯಿತು. ಸರಕು ಪೇಟೆ ಎಂಸಿಎಕ್ಸ್‌ನ ಚಿನ್ನಕ್ಕೆ 1 ರೂಪಾಯಿ. ಟಿಕ್ ಅನ್ನು ಪ್ರತಿ ಶೀಟ್‌ನಲ್ಲಿ ಒಂದೇ ಜಾಗದ ಖಾಲಿ ಸೆಲ್‌ನಲ್ಲಿಟ್ಟು, ಕಾಪಿ ಮಾಡಿದಾಗ ಸೆಲ್ ವಿಳಾಸ ಬದಲಾಗದಂತೆ ಡಾಲರ್ ಗುರುತು ಹಾಕಿ ಫಾರ್ಮುಲಾದಿಂದ ಕರೆಯಿರಿ.

ಹಗಲು ಷೇರು, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಚಿನ್ನ ನೋಡುವವರು ನಮ್ಮಲ್ಲಿ ಬಹಳ. ಅವರು ಬಾರ್ ಲೆಕ್ಕದಲ್ಲೇ ಎಡವುತ್ತಾರೆ. 5 ನಿಮಿಷದ ಚಾರ್ಟ್‌ನಲ್ಲಿ ಎನ್‌ಎಸ್‌ಇ ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ ನಡೆದರೆ ದಿನಕ್ಕೆ 75 ಬಾರ್. ಎಂಸಿಎಕ್ಸ್ ಬೆಳಿಗ್ಗೆ 9ರಿಂದ ರಾತ್ರಿ 11:30ರವರೆಗೆ ನಡೆದರೆ 174. ಅಮೆರಿಕದ ಗಡಿಯಾರ ಬದಲಾಗಿ 11:55ಕ್ಕೆ ಮುಗಿಯುವ ತಿಂಗಳುಗಳಲ್ಲಿ 179. 'ಇಂದಿನ ಗರಿಷ್ಠ'ಕ್ಕೆ 75 ಸಾಲು ಅಂತ ಬರೆದಿದ್ದರೆ ರಾತ್ರಿ ಹೊತ್ತಿಗೆ ಚಿನ್ನದ ಬೆಳಗಿನ ಏರಿಳಿತವೇ ಲೆಕ್ಕದಿಂದ ಹೊರಗೆ. ಸಾಲು ಎಣಿಸಬೇಡಿ, ತಾರೀಖು ನೋಡುವಂತೆ ಬರೆಯಿರಿ.

ಕಾಪಿ ಆದಮೇಲೆ ಹಳೆಯ ಒಂದು ಬಾರ್ ಹಿಡಿದು, ಚಾರ್ಟ್ ತೋರಿಸುವ ಸರಾಸರಿಯೂ ಶೀಟ್‌ನ ಅಂಕಿಯೂ ಒಂದೇನಾ ನೋಡಿ. ಈ ಕೆಲಸ 9:15ಕ್ಕೆ ಮೊದಲೇ ಮುಗಿಯಲಿ.